ತಾಯ್ತಂದೆಯರ ಮನೋರೋಗ ಮತ್ತು ಮಕ್ಕಳ ಮನಸ್ಸು

ತಂದೆಗೋ ತಾಯಿಗೋ ಇರುವ ತೀವ್ರ ಮನೋರೋಗವು ಮಕ್ಕಳಿಗೂ ಬರುವುದೇ? ಭಕ್ತರು ಈ ಪ್ರಶ್ನೆಯನ್ನು ಬೇರೆ ಕಾಯಿಲೆಯ ಮಾತು ಮುಗಿಸಿ ಹೊರಡುವಾಗ ಮೆಲ್ಲನೆ ಕೇಳುತ್ತಾರೆ. ಅದರ ಹಿಂದೆ ಭಯವಿದೆ. ಮಕ್ಕಳ ಮದುವೆ-ಸಂಬಂಧಗಳ ಚಿಂತೆಯೂ ಇದೆ.

ಹೆತ್ತವರ ಶುಕ್ರ-ಶೋಣಿತ ದೋಷದಿಂದ ಬರುವ ವ್ಯಾಧಿಗಳನ್ನು ಸುಶ್ರುತ ಸಂಹಿತೆಯು ‘ಆದಿಬಲಪ್ರವೃತ್ತ’ವೆಂದು ಕರೆದಿದೆ. ಮನೋರೋಗಗಳಲ್ಲಿಯೂ ವಂಶದ ಪಾತ್ರವಿರುವುದನ್ನು ಆಧುನಿಕ ವೈದ್ಯವು ಕಂಡುಕೊಂಡಿದೆ. ಸ್ಕಿಜೋಫ್ರೇನಿಯಾ ಜನಸಾಮಾನ್ಯರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಬರುತ್ತದೆ. ಹೆತ್ತವರಲ್ಲಿ ಒಬ್ಬರಿಗೆ ಅದಿದ್ದರೆ ಮಕ್ಕಳಲ್ಲಿ ನೂರಕ್ಕೆ ಸುಮಾರು 10 ಮಂದಿಗೆ, ಇಬ್ಬರಿಗೂ ಇದ್ದರೆ ಸುಮಾರು 40 ಮಂದಿಗೆ ಬರಬಹುದು. ಎಂದರೆ ಒಬ್ಬರೇ ರೋಗಿಯಾಗಿರುವ ಮನೆಗಳಲ್ಲಿ ನೂರು ಮಕ್ಕಳ ಪೈಕಿ ಸುಮಾರು 90 ಮಂದಿಗೆ ಆ ರೋಗ ಬರುವುದಿಲ್ಲ. ಆದರೆ ಖಿನ್ನತೆ, ಆತಂಕಗಳ ಸಂಭವವೂ ಈ ಮಕ್ಕಳಲ್ಲಿ ಹೆಚ್ಚು. ಆದುದರಿಂದ ಎಚ್ಚರ ಬೇಕು.

ಬೀಜವನ್ನು ನಾವು ಬದಲಿಸಲಾರೆವು; ಅದು ಬೆಳೆಯುವ ಕ್ಷೇತ್ರವನ್ನು ಹಸನುಗೊಳಿಸಬಲ್ಲೆವು. ಇಂತಹ ಮನೆಗಳಲ್ಲಿ ಮಗುವನ್ನು ಹೆಚ್ಚಾಗಿ ಬಾಧಿಸುವುದು ಮೌನ. ಅವ್ವ ಏಕೆ ಒಬ್ಬಳೇ ಮಾತನಾಡುತ್ತಾಳೆ, ಅಪ್ಪ ಏಕೆ ದಿನಗಟ್ಟಲೆ ಮಲಗಿರುತ್ತಾನೆ ಎಂಬುದನ್ನು ಯಾರೂ ಹೇಳದಿದ್ದಾಗ ಮಗುವು ತಾನೇ ಅದಕ್ಕೆ ಕಾರಣವೆಂದು ನಂಬುತ್ತದೆ. ‘ಇದೊಂದು ಕಾಯಿಲೆ, ಇದಕ್ಕೆ ಔಷಧವಿದೆ, ಇದು ನಿನ್ನಿಂದ ಬಂದುದಲ್ಲ’ ಎಂಬ ಮೂರು ಮಾತುಗಳನ್ನು ಮಗುವಿನ ವಯಸ್ಸಿಗೆ ತಕ್ಕಂತೆ ತಿಳಿಹೇಳಬೇಕು. ಗಾಳಿ ಸೋಂಕಿದೆ, ಪೂರ್ವಜನ್ಮದ ಪಾಪ ಎಂದು ಹೆದರಿಸಬಾರದು. ಅಡುಗೆ, ರೋಗಿಯ ಕಾವಲು, ತಮ್ಮ-ತಂಗಿಯರ ಪಾಲನೆಯ ಭಾರವೆಲ್ಲ ಹಿರಿಯ ಮಗುವಿನ ತಲೆಗೆ ಬೀಳದಂತೆ ನೋಡಿಕೊಳ್ಳಬೇಕು. ಅಜ್ಜಿ, ಸೋದರಮಾವ, ಶಿಕ್ಷಕರು, ಹೀಗೆ ನಂಬಿಕೆಯ ಹಿರಿಯರೊಬ್ಬರ ಆಸರೆ ಸದಾ ಇದ್ದರೆ ಮಗುವಿನ ಮನಸ್ಸು ಬಹುಮಟ್ಟಿಗೆ ಗಟ್ಟಿಯಾಗುತ್ತದೆ.

ಎಲ್ಲಕ್ಕಿಂತ ಮೊದಲು ಹೆತ್ತವರ ಚಿಕಿತ್ಸೆ ನಿಲ್ಲಬಾರದು. ಆಯುರ್ವೇದ ವೈದ್ಯರಾಗಿಯೇ ನಾವು ಹೇಳುತ್ತೇವೆ: ಮನೋವೈದ್ಯರು ಕೊಟ್ಟ ಮಾತ್ರೆಗಳನ್ನು ನಮ್ಮ ಕಷಾಯ-ಲೇಹ್ಯಗಳನ್ನು ನಂಬಿ ಬಿಡಬೇಡಿರಿ. ಆಹಾರ-ನಿದ್ರೆಗಳು ಶರೀರದ ಉಪಸ್ತಂಭಗಳು. ಮಕ್ಕಳಿಗೆ ಹೊತ್ತಿಗೆ ಸರಿಯಾದ ಊಟ, ನಿದ್ರೆ, ಆಟ, ನಿತ್ಯದ ಲಿಂಗಪೂಜೆಯ ಕ್ರಮ ಇರಲಿ. ಹರೆಯದವರು ಗಾಂಜಾದಿಂದ ದೂರವಿರಲೇಬೇಕು. ವಂಶದಲ್ಲಿ ಈ ರೋಗವಿದ್ದವರಿಗೆ ಅದು ಹೆಚ್ಚು ಅಪಾಯಕಾರಿ.

ಸ್ಕಿಜೋಫ್ರೇನಿಯಾ ಸಾಮಾನ್ಯವಾಗಿ ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಪ್ರಾಯದಲ್ಲಿ ತಲೆದೋರುತ್ತದೆ. ವಾರಗಟ್ಟಲೆ ನಿದ್ರೆಗೇಡು, ಒಂಟಿಯಾಗಿ ಕುಳಿತಿರುವುದು, ಓದಿನಲ್ಲಿ ಹಠಾತ್ ಹಿಂದುಳಿಯುವಿಕೆ, ಅತಿಯಾದ ಸಂಶಯ ಕಂಡರೆ ಕಾಯುತ್ತ ಕೂರಬೇಡಿರಿ. ಯಾರಿಗೂ ಕೇಳದ ಧ್ವನಿ ಕೇಳಿಸಿದರೆ, ಸಾಯುವ ಮಾತು ಬಂದರೆ ಅಂದೇ ವೈದ್ಯರನ್ನು ಕಾಣಿರಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಹಾಗೂ ಜಿಲ್ಲಾಸ್ಪತ್ರೆಗಳಲ್ಲಿ ಚಿಕಿತ್ಸೆ ಲಭ್ಯವಿದೆ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯು ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಸಲಹೆ ನೀಡುತ್ತದೆ.

ನೆರೆಹೊರೆಯವರಿಗೂ ಒಂದು ಕರ್ತವ್ಯವಿದೆ. ಅಂತಹ ಮನೆಯ ಮಗುವನ್ನು ನಿಮ್ಮ ಮಕ್ಕಳೊಡನೆ ಆಡಲು ಕರೆಯಿರಿ, ಒಂದು ಹೊತ್ತು ಜೊತೆಗೆ ಕೂರಿಸಿ ಉಣಬಡಿಸಿರಿ. ಇದೂ ದಾಸೋಹವೇ.