ವೆನಿಲಾ ಸೀಸೆಯ ಅಸಲು ಲೆಕ್ಕ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಹಾಗೂ ಚಿಂಚೋಳಿಗಳಲ್ಲಿ ಮನೆಯಲ್ಲಿಯೇ ಕೇಕ್ ತಯಾರಿಸಿ ಮಾರುವವರಿಗೆ ಮೈದಾ, ಸಕ್ಕರೆ, ಬೆಣ್ಣೆಗಳ ಧಾರಣೆ ಬಾಯಿಪಾಠವಿರುತ್ತದೆ. ವೆನಿಲಾ ಸೀಸೆಯ ಲೆಕ್ಕ ಇಡುವವರು ಮಾತ್ರ ವಿರಳ.

ಅಂಗಡಿಯಲ್ಲಿ ಎಸೆನ್ಸ್ ಎಂದು ದೊರೆಯುವುದು ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ತಯಾರಾದ ವೆನಿಲಿನ್. ನಿಜವಾದ ವೆನಿಲಾ ಆರ್ಕಿಡ್ ಜಾತಿಯ ಬಳ್ಳಿಯ ಕೋಡು. ನಮ್ಮಲ್ಲಿ ಅದರ ಹೂವಿಗೆ ಕೈಯಿಂದಲೇ ಪರಾಗಸ್ಪರ್ಶ ಮಾಡಿಸಬೇಕು, ಕೋಡನ್ನು ತಿಂಗಳುಗಟ್ಟಲೆ ಹದಗೊಳಿಸಬೇಕು. ಮಲೆನಾಡಿನಲ್ಲಿ 2003ರ ಸುಮಾರಿಗೆ ಕಿಲೋಗೆ ಸಾವಿರಗಳ ಲೆಕ್ಕದಲ್ಲಿದ್ದ ಹಸಿ ಕೋಡಿನ ಬೆಲೆ ಕೆಲವೇ ವರ್ಷಗಳಲ್ಲಿ ನೂರರ ಲೆಕ್ಕಕ್ಕೆ ಕುಸಿಯಿತು. ಇಂತಹ ಏರಿಳಿತದ ಸರಕನ್ನು ನೆಚ್ಚಿ ಕೇಕಿನ ದರಪಟ್ಟಿ ಮುದ್ರಿಸಲಾಗದು.

ಓವನ್ನಿನಲ್ಲಿ ಬೇಯುವ ಕೇಕ್, ಬಿಸ್ಕತ್ತುಗಳಿಗೆ ವೆನಿಲಿನ್ ಸಾಕೆಂಬುದು ನನ್ನ ಅಭಿಪ್ರಾಯ. ಕೋಡಿನ ನವಿರಾದ ಪರಿಮಳ ಬಹುಮಟ್ಟಿಗೆ ಶಾಖಕ್ಕೆ ಹಾರಿಹೋಗುತ್ತದೆ. ಅದಕ್ಕೆ ಹೆಚ್ಚಿನ ಹಣ ತೆರುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಬೇಯಿಸದ ಕ್ರೀಮಿನಲ್ಲಿ, ಐಸ್‌ಕ್ರೀಮಿನಲ್ಲಿ ವ್ಯತ್ಯಾಸ ನಾಲಿಗೆಗೆ ತಿಳಿಯುವುದು. ಗಿರಾಕಿ ಬೆಲೆ ಕೊಡುವನಾದರೆ ಅಲ್ಲಿ ಕೋಡಿನ ಸತ್ವ ಬಳಸಬಹುದು. ಬೆಣ್ಣೆ-ಸಕ್ಕರೆ ತಿರುವುವಾಗಲೇ ಎಸೆನ್ಸ್ ಬೆರೆಸಿದರೆ ಜಿಡ್ಡು ವಾಸನೆಯನ್ನು ಹಿಡಿದಿಡುತ್ತದೆ. ಹೆಚ್ಚು ಸುರಿದರೆ ಕಹಿ. ಮೊಟ್ಟೆಯಿಲ್ಲದ ಕೇಕಿನಲ್ಲಿ ಮರೆಮಾಚಬೇಕಾದ ಹಸಿವಾಸನೆಯೇ ಇಲ್ಲವಾದ್ದರಿಂದ ಇನ್ನೂ ಕಡಿಮೆ ಸಾಕು.

20 ಮಿ.ಲೀ. ಸೀಸೆಗೆ 40 ರೂಪಾಯಿ, 500 ಮಿ.ಲೀ.ಗೆ 300 ರೂಪಾಯಿ ಎಂದಿಟ್ಟುಕೊಳ್ಳಿ. ಕೇಕಿಗೆ 5 ಮಿ.ಲೀ.ಯಂತೆ ಮೊದಲನೆಯದರಲ್ಲಿ 10 ರೂ., ಎರಡನೆಯದರಲ್ಲಿ 3 ರೂ. ಖರ್ಚು. ಆದರೆ ದೊಡ್ಡದು 100 ಕೇಕುಗಳ ಸರಕು. ವಾರಕ್ಕೆರಡು ಕೇಕ್ ಮಾಡುವವರಲ್ಲಿ ವರ್ಷವಿಡೀ ಉಳಿಯುತ್ತದೆ. ನಮ್ಮ ಭಾಗದ ಬೇಸಿಗೆ 40 ಡಿಗ್ರಿ ದಾಟುವಂಥದು. ಮುಚ್ಚಳ ಸಡಿಲವಿದ್ದರೆ ಉಳಿತಾಯವೆಲ್ಲ ಆವಿ! ಮಧ್ಯಮ ಗಾತ್ರದ ಸೀಸೆ ಕೊಂಡು ತಂಪಾದ ಕಪಾಟಿನಲ್ಲಿಡುವುದು ಲೇಸು. ಕಿರಾಣಿ ವ್ಯಾಪಾರಿಗಳೂ ಇದನ್ನು ಬಿಸಿಲು ಬೀಳುವ ಮುಂಗಟ್ಟಿನಲ್ಲಿ ಜೋಡಿಸಬಾರದು.

2025ರ ಸೆಪ್ಟೆಂಬರ್ 22ರಿಂದ ಕೇಕ್, ಪೇಸ್ಟ್ರಿ, ಬಿಸ್ಕತ್ತುಗಳ ಮೇಲಿನ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ. ನೋಂದಣಿಯಿಲ್ಲದವರಿಗೂ ಕಾಂಪೋಸಿಷನ್ ಯೋಜನೆಯಲ್ಲಿರುವವರಿಗೂ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯದು. ಅವರು ಸೀಸೆಯ ಮೇಲಿನ ತೆರಿಗೆಯನ್ನೂ ಅಸಲಿಗೆ ಸೇರಿಸಿಯೇ ದರ ನಿಗದಿಪಡಿಸಬೇಕು.

ಪೊಟ್ಟಣ ಕಟ್ಟಿ ಮಾರುವವರಿಗೆ ಮತ್ತೊಂದು ಮಾತು. ಸುವಾಸನೆ ಸೇರಿಸಿದ್ದರೆ ಅದು ನೈಸರ್ಗಿಕವೋ ಕೃತಕವೋ ಎಂಬುದನ್ನು ಲೇಬಲ್ಲಿನಲ್ಲಿ ನಮೂದಿಸುವುದು ಆಹಾರ ಸುರಕ್ಷತಾ ನಿಯಮದಂತೆ ಕಡ್ಡಾಯ. ಎಸೆನ್ಸ್ ಸೀಸೆಯ ಮೇಲೆ ಬರೆದಿರುವುದನ್ನು ಓದಿ ಅದರಂತೆಯೇ ನಮೂದಿಸಬೇಕು. ವೆನಿಲಿನ್ ಹಾಕಿದ ಕೇಕಿನ ಡಬ್ಬಿಗೆ ಹೂವು-ಕೋಡಿನ ಚಿತ್ರ ಅಚ್ಚು ಹಾಕಿಸಿ ‘ಶುದ್ಧ ವೆನಿಲಾ’ ಎಂದು ಬರೆಸಿದ್ದರೆ, ಆ ಡಬ್ಬಿಗಳನ್ನು ಈಗಲೇ ಬದಿಗಿಡುವುದು ದಂಡ ತೆರುವುದಕ್ಕಿಂತ ಅಗ್ಗ.