ಬಿಸಿಲು, ಮಳೆ ಮತ್ತು ರೈಲಿನ ಹೊತ್ತು

ಕೊಡ್ಲಿಯ ವಿದ್ಯಾರ್ಥಿಯೊಬ್ಬನು ಮೇ ತಿಂಗಳಲ್ಲಿ ಹೈದರಾಬಾದಿಗೆ ಪರೀಕ್ಷೆಗೆ ಹೊರಟಿದ್ದಾನೆಂದು ಭಾವಿಸೋಣ. ಅವನ ಊರಿಗೆ ರೈಲಿಲ್ಲ. ಬಸ್ಸಿನಲ್ಲಿ ಸೇಡಂ ನಿಲ್ದಾಣಕ್ಕೆ ಬಂದು ಗಾಡಿಗಾಗಿ ಕಾದಿದ್ದಾನೆ. ಗಾಡಿ ಮುಕ್ಕಾಲು ಗಂಟೆ ತಡ. ಆಕಾಶದಲ್ಲಿ ತುಂಡು ಮೋಡವೂ ಇಲ್ಲ, ಎಂಜಿನ್ ಕೆಟ್ಟ ಸುದ್ದಿಯೂ ಇಲ್ಲ. ಹೊತ್ತಿಗೆ ಬಾರದ ಗಾಡಿಯನ್ನು ನಾವೆಲ್ಲರೂ ಶಪಿಸಿದವರೇ. ಆದರೆ ಆ ತಡವನ್ನು ಕೆಲವು ವೇಳೆ ಬೇಕೆಂದೇ ಮಾಡಿರುತ್ತಾರೆ. ಏಕೆಂದು ತಿಳಿಯಬೇಕಾದರೆ ಹಳಿಯನ್ನೇ ಸ್ವಲ್ಪ ಗಮನಿಸಬೇಕು.

ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೂಲಕ ಸಿಕಂದರಾಬಾದಿಗೆ ಹೋಗುವ ಈ ದಾರಿ 1874ರಲ್ಲಿ ತೆರೆಯಿತು. ಹಿಂದೆ ಹಳಿಗಳು ಸುಮಾರು 13 ಮೀಟರ್ ಉದ್ದದ ತುಂಡುಗಳಾಗಿದ್ದು, ಅವುಗಳ ನಡುವೆ ಸಣ್ಣ ಸಂದು ಇರುತ್ತಿತ್ತು. ಉಕ್ಕು ಕಾದರೆ ಹಿಗ್ಗುತ್ತದಷ್ಟೆ. ಚಳಿಗಾಲದ ಬೆಳಗಿನ 15 ಡಿಗ್ರಿಯಿಂದ ಬೇಸಗೆಯ 60 ಡಿಗ್ರಿಗೆ ಏರಿದಾಗ ಅಂಥ ಒಂದು ತುಂಡು ಸುಮಾರು 7 ಮಿಲಿಮೀಟರ್ ಬೆಳೆಯುತ್ತದೆ. ಅದಕ್ಕೆ ಸಂದಿನಲ್ಲಿ ಎಡೆಯಿತ್ತು. 60 ಡಿಗ್ರಿಯೇ ಎಂದು ವಾಚಕರು ಹುಬ್ಬೇರಿಸಬಹುದು. ಕಲಬುರಗಿ ಸೀಮೆಯಲ್ಲಿ ಗಾಳಿಯ ಉಷ್ಣತೆ 42-43 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ಬಿಸಿಲಿಗೆ ಮೈಯೊಡ್ಡಿದ ಉಕ್ಕು ಅದಕ್ಕಿಂತ 15-20 ಡಿಗ್ರಿ ಹೆಚ್ಚು ಕಾಯುತ್ತದೆ. ನಡುಹಗಲಲ್ಲಿ ಶಹಾಬಾದಿನ ಹಾಸುಗಲ್ಲಿನ ಮೇಲೆ ಬರಿಗಾಲಿನಲ್ಲಿ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈಗ ಹಳಿಗಳನ್ನು ಬೆಸೆದು ಕಿಲೋಮೀಟರುಗಟ್ಟಲೆ ಒಂದೇ ಸರಳಾಗಿ ಹಾಸುತ್ತಾರೆ. ಸಂದುಗಳ ಸದ್ದು ಅಡಗಿತು; ಹಿಗ್ಗಲು ಎಡೆಯೂ ಇಲ್ಲವಾಯಿತು. ಹಾಸುವಾಗ ಉಕ್ಕಿನ ಉಷ್ಣತೆ 40 ಡಿಗ್ರಿ ಇತ್ತೆನ್ನೋಣ. ಅದು 60ಕ್ಕೆ ಏರಿದಾಗ ಒಂದು ಕಿಲೋಮೀಟರ್ ಹಳಿ, ಕಟ್ಟಿಲ್ಲದೆ ಬಿಟ್ಟರೆ, 23 ಸೆಂಟಿಮೀಟರ್, ಅಂದರೆ ಒಂದು ಗೇಣು ಬೆಳೆದೀತು. ಸ್ಲೀಪರುಗಳೂ ಜಲ್ಲಿಯೂ ಬಿಗಿಹಿಡಿದಿರುವುದರಿಂದ ಅದು ಬೆಳೆಯಲಾರದೆ ಒಳಗೇ ಒತ್ತಡಕ್ಕೆ ಸಿಲುಕುತ್ತದೆ. ಮೀಟರಿಗೆ 60 ಕಿಲೋಗ್ರಾಂ ತೂಗುವ ಹಳಿಯಲ್ಲಿ ಈ ಒತ್ತಡ ಸುಮಾರು 38 ಟನ್ ಭಾರಕ್ಕೆ ಸಮ. ಜಲ್ಲಿ ಸಡಿಲವಾದ ಕಡೆ ಹಳಿ ಹಾವಿನಂತೆ ಪಕ್ಕಕ್ಕೆ ಬಾಗಬಹುದು. ಚಳಿಯಲ್ಲಿ ಇದಕ್ಕೆ ವಿರುದ್ಧವಾಗಿ ಹಳಿ ಸೆಳೆತಕ್ಕೊಳಗಾಗಿ, ಬಿರುಕಿದ್ದಲ್ಲಿ ತುಂಡಾಗಬಹುದು. ಆದುದರಿಂದ ಉಷ್ಣತೆ ಗೊತ್ತಾದ ಮಿತಿಯನ್ನು ದಾಟಿದೊಡನೆ ಕಾವಲಿನವರು ಹಳಿಯುದ್ದಕ್ಕೂ ನಡೆದು ನೋಡುತ್ತಾರೆ. ಸಂದೇಹವಿದ್ದಲ್ಲಿ ಗಾಡಿಯ ವೇಗವನ್ನು ಇಳಿಸಲಾಗುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ 10 ಕಿಲೋಮೀಟರಿಗೆ 6 ನಿಮಿಷ ಸಾಕು. 30ರ ವೇಗದಲ್ಲಿ 20 ನಿಮಿಷ ಬೇಕು. ಇಂಥ ಮೂರು ಕಡೆ ಎದುರಾದರೆ ನಮ್ಮ ವಿದ್ಯಾರ್ಥಿಯ ಮುಕ್ಕಾಲು ಗಂಟೆಗೆ ಲೆಕ್ಕ ಸಿಕ್ಕಿತು.

ಮಳೆಗಾಲದ ತೊಂದರೆ ಹಳಿಯ ಕೆಳಗಿನದು. ಬೇಸಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುವ ನಮ್ಮ ಎರೆಮಣ್ಣು ನೀರು ಕುಡಿದೊಡನೆ ಉಬ್ಬಿ ಮೆತ್ತಗಾಗುತ್ತದೆ. ಗಾಡಿಯ ಭಾರಕ್ಕೆ ಜಲ್ಲಿ ಅದರೊಳಗೆ ಇಳಿದು ಹಳಿಯ ಮಟ್ಟ ತಪ್ಪುತ್ತದೆ. ಇನ್ನು ಸೇತುವೆಗಳ ವಿಷಯ. ಕಾಗಿಣಾ ನದಿಗಿಂತ ಹೆಸರಿಲ್ಲದ ಹಳ್ಳಗಳಿಗೇ ಹೆಚ್ಚು ಅಂಜಬೇಕೆಂದು ನಮಗೆ ತೋರುತ್ತದೆ. ನದಿ ಏರುವುದು ಕಣ್ಣಿಗೆ ಬೀಳುತ್ತದೆ. ಹಳ್ಳವಾದರೋ ಒಂದೆರಡು ಗಂಟೆಯಲ್ಲಿ ಉಕ್ಕಿ, ಸೇತುವೆಯ ಬುಡದ ಮಣ್ಣನ್ನು ಕೊರೆದೊಯ್ಯುತ್ತದೆ. ಮೇಲೆ ಹಳಿ ಮಾತ್ರ ನೇರವಾಗಿಯೇ ಕಾಣುತ್ತಿರುತ್ತದೆ! 1956ರ ಸೆಪ್ಟೆಂಬರ್ 2ರಂದು, ಆಗ ಕಲಬುರಗಿಯೂ ಸೇರಿದ್ದ ಹೈದರಾಬಾದ್ ರಾಜ್ಯದ ಮಹಬೂಬನಗರದ ಬಳಿ ಸೇತುವೆ ಕುಸಿದು ನೂರಕ್ಕೂ ಹೆಚ್ಚು ಜನರು ಮಡಿದರು. 2005ರ ಅಕ್ಟೋಬರ್ 29ರಂದು ನಲ್ಗೊಂಡ ಜಿಲ್ಲೆಯ ವಲಿಗೊಂಡದ ಬಳಿ ಪ್ರವಾಹವು ಹಳಿಯ ಆಧಾರವನ್ನೇ ಕೊಚ್ಚಿಹಾಕಿ, ಅಷ್ಟೇ ದೊಡ್ಡ ಅನಾಹುತವಾಯಿತು.

ಇದಕ್ಕಾಗಿಯೇ ಮಳೆಗಾಲದ ರಾತ್ರಿಗಳಲ್ಲಿ ಹಳಿಯ ಮೇಲೆ ದೀಪ ಹಿಡಿದ ಗಸ್ತಿನವರು ನಡೆಯುತ್ತಾರೆ. ಎದುರು ಬದುರಾಗಿ ಬಂದ ಇಬ್ಬರು ನಡುದಾರಿಯಲ್ಲಿ ಸಂಧಿಸಿ ತಮ್ಮ ಗಸ್ತಿನ ಪುಸ್ತಕಗಳನ್ನು ಬದಲಾಯಿಸಿಕೊಂಡು ಹಿಂದಿರುಗುತ್ತಾರೆ. ದಾರಿಯೆಲ್ಲವನ್ನೂ ನೋಡಿಯಾಯಿತೆಂಬುದಕ್ಕೆ ಅದೇ ಸಾಕ್ಷಿ. ಅಪಾಯ ಕಂಡರೆ 1200 ಮೀಟರ್ ದೂರ ಓಡಿ ಹಳಿಯ ಮೇಲೆ ಮೂರು ಪಟಾಕಿಗಳನ್ನು ಕಟ್ಟಬೇಕು. ಚಕ್ರದಡಿ ಅವು ಸಿಡಿದ ಸದ್ದಿಗೆ ಚಾಲಕನು ಗಾಡಿಯನ್ನು ನಿಲ್ಲಿಸುತ್ತಾನೆ.

ನಿಂತ ಗಾಡಿಯ ಹಿಂದೆ ಮತ್ತೊಂದು ನಿಲ್ಲುತ್ತದೆ. ಸೊಲ್ಲಾಪುರ, ರಾಯಚೂರು, ಸಿಕಂದರಾಬಾದ್ ಕಡೆಯ ಮೂರು ದಾರಿಗಳು ಕೂಡುವ ವಾಡಿಯಲ್ಲಿ ಒಂದು ಗಾಡಿ ತಡವಾದರೆ, ಅದಕ್ಕೆ ಎಡೆಮಾಡಿಕೊಡಲು ಇನ್ನೊಂದನ್ನು ತಡೆಹಿಡಿಯಬೇಕಾಗುತ್ತದೆ. ಸೇಡಂ ಬಳಿ ಸಂಜೆ ಸುರಿದ ಮಳೆಯ ಫಲವನ್ನು, ಹನಿಯೂ ಬೀಳದ ರಾಯಚೂರಿನ ನಿಲ್ದಾಣದಲ್ಲಿ ರಾತ್ರಿ ಕಾಯುವವರು ಉಣ್ಣುತ್ತಾರೆ.