ಅಟ್ಟದ ಮೇಲಿನ ರುಮಾಲುಗಳು

ಶಿಗ್ಗಾಂವ ತಾಲ್ಲೂಕಿನ ಬಾಡ ಗ್ರಾಮದಲ್ಲಿ ಕನಕದಾಸರ ನೆನಪಿಗೆ ಒಂದು ಅರಮನೆ ಎದ್ದು ನಿಂತಿದೆ. ಕೋಟೆಯ ನೆಲದಲ್ಲಿ ಹೊಸದಾಗಿ ಕಟ್ಟಿದ್ದು. ಐದು ನೂರು ವರ್ಷಗಳ ಹಿಂದೆ, ಕನಕದಾಸರಾಗುವ ಮೊದಲು, ಅವರು ದಂಡನಾಯಕ ತಿಮ್ಮಪ್ಪನಾಗಿ ಬಾಳಿದ ಮನೆ ನಮಗೆ ಸಿಗುವುದಿಲ್ಲ, ಆದ್ದರಿಂದ ಭಕ್ತಿಯಿಂದ ಮತ್ತೊಂದನ್ನು ಕಟ್ಟಬೇಕಾಯಿತು. ಸರಿಯೇ. ಆದರೆ ಇದೇ ತಾಲ್ಲೂಕಿನಲ್ಲಿ, ಸುತ್ತಲಿನ ಹಾನಗಲ್ಲ, ಸವಣೂರ, ಹಿರೇಕೆರೂರ ಸೀಮೆಯಲ್ಲಿ ದೇಸಾಯರ, ಗೌಡರ, ಕುಲಕರ್ಣಿಯವರ ನಿಜವಾದ ಮನೆಗಳು ಇನ್ನೂ ನಿಂತಿವೆ. ಮೊಳಗಟ್ಟಲೆ ದಪ್ಪದ ಮಣ್ಣಿನ ಗೋಡೆ, ಸಾಗವಾನಿ ಕಂಬ, ಪಡಸಾಲೆ, ಅಟ್ಟ. ಆ ಅಟ್ಟದ ಮೇಲೆ ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿದ ಕಾಗದಗಳು. ನಮ್ಮ ಕಡೆ ಅದಕ್ಕೆ ರುಮಾಲು ಎನ್ನುತ್ತಾರೆ. ಹತ್ತಾರು ರುಮಾಲು ಸೇರಿದರೆ ಅದು ಆ ಮನೆತನದ ದಫ್ತರ.

ರುಮಾಲು ಬಿಚ್ಚಿದರೆ ಏನು ಸಿಗುತ್ತದೆ? ಸನದು ಎಂಬ ಹಕ್ಕುಪತ್ರ, ದತ್ತಕಪತ್ರ, ಹಿಸ್ಸೆ ವಾಟ್ನಿ, ಲಾವಣಿ ಲೆಕ್ಕ, ಸಾಲದ ಚೀಟಿ, ಮದುವೆ ಖರ್ಚಿನ ಯಾದಿ. ಬಹಳಷ್ಟು ಮೋಡಿ ಲಿಪಿಯ ಮರಾಠಿ, ನಡುನಡುವೆ ಮೋಡಿಗನ್ನಡ, ಸವಣೂರ ಕಡೆಯಾದರೆ ಫಾರ್ಸಿ. ಮನೆಯವರು ಇದನ್ನು ತಮ್ಮ ಹಿರಿಯರ ಆಸ್ತಿಯ ಕಾಗದ ಎಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಊರಿನ ಕಾಗದ. 1876–78ರ ಬರದಲ್ಲಿ ಧಾರವಾಡ ಜಿಲ್ಲೆ ಬೆಂದುಹೋಯಿತು ಎಂದು ಸರ್ಕಾರಿ ವರದಿಗಳು ಒಟ್ಟು ಅಂಕಿ ಕೊಡುತ್ತವೆ. ಯಾರ ಹೊಲ ಬೀಳು ಬಿತ್ತು, ಯಾರು ಎತ್ತು ಮಾರಿದರು ಎಂಬ ಹೆಸರು ಬೇಕಿದ್ದರೆ ಹುಡುಕಬೇಕಾದದ್ದು ಕುಲಕರ್ಣಿಯ ದಿನದ ಲೆಕ್ಕದಲ್ಲಿ, ಕೀರ್ದಿಯಲ್ಲಿ. ಓದು ಬರಹ ತಿಳಿಯದೆ ತೀರಿಹೋದ ಒಕ್ಕಲಿನವನ ಹೆಸರು ಬೇರೆಲ್ಲೂ ಉಳಿದಿರಲಾರದು.

ಈ ಕಾಗದಗಳನ್ನು ಜನ ಇಷ್ಟು ದಿನ ಜೋಪಾನ ಮಾಡಿದ್ದು ಚರಿತ್ರೆಯ ಪ್ರೀತಿಯಿಂದಲ್ಲ, ಭಯದಿಂದ. 1852ರ ಕಾಯ್ದೆಯ ಬಲದಿಂದ ಬ್ರಿಟಿಷರ ಇನಾಮು ಕಮಿಷನ್ ಊರೂರಿನ ಇನಾಮುದಾರರನ್ನು ಕರೆಸಿ ಸನದು ತೋರಿಸು ಎಂದಿತು. ತೋರಿಸಲಾಗದ ಹಲವರ ಇನಾಮು ಹೋಯಿತು. ಅಂದಿನಿಂದ ಕಾಗದವೆಂದರೆ ಜೀವ. ತಿಜೋರಿಯ ಕೀಲಿ ಹಿರಿಯನ ಉಡಿದಾರದಲ್ಲಿ. ಮುಂದೆ 1950ರ ಕಾಯ್ದೆ ಪರಗಣಾ ಮತ್ತು ಕುಲಕರ್ಣಿ ವತನಗಳನ್ನು ತೆಗೆದುಹಾಕಿತು. 1974ರ ಭೂಸುಧಾರಣೆಯಲ್ಲಿ ಉಳುವವನೇ ಒಡೆಯನಾದ. ಅದು ನ್ಯಾಯವಾಗಿಯೇ ಆಯಿತು. ಆದರೆ ಭೂಮಿಯೊಂದಿಗೆ ದಫ್ತರದ ಬೆಲೆಯೂ ಹೋಯಿತು, ಮನೆಯ ದುರಸ್ತಿಗೆ ಬರುತ್ತಿದ್ದ ಕಾಳೂ ನಿಂತಿತು. ಮಕ್ಕಳು ಹುಬ್ಬಳ್ಳಿ, ಪುಣೆ, ಅಮೆರಿಕ ಸೇರಿದರು. ಹತ್ತು ಜನರ ಹಕ್ಕಿರುವ ಮನೆಗೆ ಹೆಂಚು ಹೊದಿಸುವವರು ಯಾರೂ ಇಲ್ಲವಾದರು. ಕೊನೆಗೆ ಕಂಬ, ಬಾಗಿಲು ಹಳೆಯ ಸಾಮಾನಿನ ವ್ಯಾಪಾರಿಗೆ; ಕಾಗದ ರದ್ದಿಗೆ.

ಆದರೂ ಇದು ಒಳ್ಳೆಯ ಕಾಲ ಎಂದೇ ನನಗೆ ಅನ್ನಿಸುತ್ತದೆ. ಆ ಕಾಗದಗಳಿಂದ ಇಂದು ಯಾರ ಹೊಲವೂ ಹೋಗುವುದು ಅಪರೂಪ. ಮುಚ್ಚಿಡುವ ಕಾರಣ ಬಹುಮಟ್ಟಿಗೆ ತೀರಿದೆ. ಈಗಿನ ಪ್ರಶ್ನೆ, ಅವನ್ನು ಎಲ್ಲಿ ಕಾಪಾಡಬೇಕು ಎಂಬುದು.

ಕಾಗದ ಊರು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನವಾಬರ ಸವಣೂರು ಸಂಸ್ಥಾನವೇ ಇದೆ. 1756ರಲ್ಲಿ ಪೇಶ್ವೆ, ನಿಜಾಮರ ಮುತ್ತಿಗೆ. 1786ರಲ್ಲಿ ಟಿಪ್ಪುವಿನ ಸೈನ್ಯ ಒಳಹೊಕ್ಕಿತು. 1948ರಲ್ಲಿ ಭಾರತಕ್ಕೆ ಸೇರುವವರೆಗೆ ಉಳಿದ ಆ ಪುಟ್ಟ ಸಂಸ್ಥಾನದ ಹಿಂದಿನ ದಿನಗಳನ್ನು ಬರೆಯಹೊರಟವನು ಪುಣೆಯ ಪೇಶ್ವೆ ದಫ್ತರದ ಬಾಗಿಲಿಗೆ ಹೋಗಬೇಕು. ಅಲ್ಲಿ ಸುಮಾರು 39,000 ರುಮಾಲುಗಳಿವೆ. ಒಮ್ಮೆ ಹಾಗೆ ಒಂದೆಡೆ ಕಾದಿರಿಸಿದ್ದರಿಂದಲೇ ಗೋವಿಂದ ಸಖಾರಾಮ ಸರ್ದೇಸಾಯಿ 1930ರ ದಶಕದಲ್ಲಿ ಅದರಿಂದ ಆಯ್ದು 45 ಸಂಪುಟ ಅಚ್ಚು ಮಾಡಿಸಲು ಆಯಿತು.

ಕಾಗದ ತನ್ನ ಊರಿನಲ್ಲೇ ಉಳಿದರೆ ಹೇಗಿರುತ್ತದೆ ಎಂಬುದನ್ನು ನೋಡಲು ಹಿರೇಕೆರೂರಿನಿಂದ ನೈಋತ್ಯಕ್ಕೆ ಇಳಿದು ಸಾಗರದ ಕೆಳದಿಗೆ ಹೋಗಬೇಕು. 2023ರಲ್ಲಿ ತೀರಿಕೊಂಡ ಅಲ್ಲಿನ ಇತಿಹಾಸಕಾರ ಗುಂಡಾ ಜೋಯಿಸರು ‘ಕೆಳದಿನೃಪವಿಜಯ’ ಬರೆದ ಲಿಂಗಣ್ಣ ಕವಿಯ ವಂಶದವರು. ತಮ್ಮ ಮನೆತನದ ಓಲೆಗರಿ, ಕಡತಗಳಿಂದ ಶುರುಮಾಡಿ, ಮೋಡಿ, ತಿಗಳಾರಿ ಲಿಪಿಗಳನ್ನು ಓದುತ್ತ, ಸುತ್ತಲಿನವರಿಂದಲೂ ಕೇಳಿ ತಂದು 1960ರ ದಶಕದಲ್ಲೇ ಅಲ್ಲೊಂದು ವಸ್ತುಸಂಗ್ರಹಾಲಯ ಬೆಳೆಸಿದರು. ಮುಂದೆ ಅದು ಕುವೆಂಪು ವಿಶ್ವವಿದ್ಯಾಲಯದ ಆಸರೆಗೆ ಬಂತು. ಒಬ್ಬ ಮನುಷ್ಯ, ಒಂದು ಹಳ್ಳಿ ಇಷ್ಟು ಮಾಡಬಲ್ಲವು.

ನಮ್ಮ ಸೀಮೆಯಲ್ಲಿ ಮನೆಯವರು ಮಾಡಬಹುದಾದದ್ದು ಕಷ್ಟದ್ದಲ್ಲ. ಮೊದಲು ಮಾಳಿಗೆ ನೋಡಬೇಕು. ಗೆದ್ದಲಿಗೂ ಬೂಸಿಗೂ ದಾರಿ ಮಾಡಿಕೊಡುವುದು ಸೋರುವ ನೀರೇ. ರುಮಾಲು ಬಿಚ್ಚುವ ಮೊದಲು ಅದು ಇದ್ದ ಸ್ಥಿತಿಯ ಫೋಟೊ ತೆಗೆಯಬೇಕು, ಒಳಗಿನ ಕಾಗದಗಳ ಅನುಕ್ರಮ ಕದಲಿಸಬಾರದು. ಯಾವ ಚೀಟಿ ಯಾವುದರ ಪಕ್ಕದಲ್ಲಿತ್ತು ಎಂಬುದೇ ಅರ್ಧ ಸಾಕ್ಷಿ. ಹರಿದದ್ದಕ್ಕೆ ಸೆಲ್ಲೋಟೇಪ್ ಬೇಡ, ಲ್ಯಾಮಿನೇಶನ್ ಅಂತೂ ಖಂಡಿತ ಬೇಡ. ಅಂಟು ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ. ಕೈಯಿಂದ ಮಾಡಿದ ಹಳೆಯ ಕಾಗದ, ದೀಪದ ಮಸಿಯ ಶಾಯಿ ಎರಡೂ ಗಟ್ಟಿ. ಮೊದಲು ಪುಡಿಯಾಗುವುದು ಆಮೇಲೆ ಬಂದ ಗಿರಣಿ ಕಾಗದ, ಹಾಗಾಗಿ ಮುತ್ತಜ್ಜನ ಸನದಿಗಿಂತ ಅಜ್ಜನ ಪತ್ರಗಳನ್ನು ಮೊದಲು ನಕಲು ಮಾಡಿಕೊಳ್ಳಬೇಕು. ಬಜೆ ಬೇರು, ಬೇವಿನೆಲೆ ಇಡುವ ಹಿರಿಯರ ರೂಢಿಯನ್ನು ಮುಂದುವರಿಸಬಹುದು. ಒಣಗಿದ ಎಲೆಯನ್ನು ಆಗಾಗ ಬದಲಿಸಿದರಾಯಿತು.

ಮನೆಯಲ್ಲಿ ಕಾಯಲಾಗದಿದ್ದರೆ ನಕಲನ್ನು ಇಟ್ಟುಕೊಂಡು ಮೂಲವನ್ನು ಧಾರವಾಡದಲ್ಲಿ ಕಾಪಿಡಲು ಕೊಡಬಹುದು. ಅಲ್ಲಿ ರಾಜ್ಯ ಪತ್ರಾಗಾರದ ವಿಭಾಗ ಕಚೇರಿಯಿದೆ, 1939ರಿಂದ ಬೆಳೆದುಬಂದ ಕನ್ನಡ ಸಂಶೋಧನಾ ಸಂಸ್ಥೆಯಿದೆ. ಶಿಗ್ಗಾಂವದ ಮಗ್ಗುಲಲ್ಲೇ, ಗೊಟಗೋಡಿಯಲ್ಲಿ, ಜಾನಪದ ವಿಶ್ವವಿದ್ಯಾಲಯವಿದೆ. ಅಲ್ಲಿನ ಹುಡುಗ ಹುಡುಗಿಯರು ಮೋಡಿ ಕಲಿತು ಹಳ್ಳಿಗಳಿಗೆ ಹೊರಟರೆ, ರುಮಾಲಿನ ಜೊತೆಗೆ ಅದನ್ನು ಓದಿ ಹೇಳಬಲ್ಲ ಎಂಬತ್ತು ದಾಟಿದ ಒಬ್ಬಿಬ್ಬರು ಇನ್ನೂ ಸಿಕ್ಕಾರು. ಅವರಿರುವಾಗಲೇ ಹೋಗಬೇಕು. ಮುಂಗಾರಿಗೆ ಮುನ್ನ ಹೆಂಚು ಕೈಯಾಡಿಸಲು ಆಳು ಅಟ್ಟ ಹತ್ತುತ್ತಾನಲ್ಲ, ಆಗ ಪೆಟ್ಟಿಗೆಯನ್ನೂ ಕೆಳಗಿಳಿಸಿಕೊಳ್ಳಿ.